ಹುಬ್ಬಳ್ಳಿ ಇಲ್ಲದ ನಕಾಶೆ

ಗದಗದ ಓದುಗರೊಬ್ಬರು ಬರೆದಿದ್ದಾರೆ: ಧಾರವಾಡದ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಗೋವೆಯಿಂದ ಕಣ್ಣೂರಿನವರೆಗಿನ ಕರಾವಳಿಯ ಫ್ರೆಂಚ್ ನಕಾಶೆ ಇದೆ. 1750ರ ಆಸುಪಾಸಿನದು ಅನ್ನುತ್ತಾರೆ, ಬೆಲೆ 18,000 ರೂಪಾಯಿ. ಕಾರವಾರ, ಹೊನ್ನಾವರ, ಬಸರೂರು ಎಲ್ಲ ಇವೆ. ಹುಬ್ಬಳ್ಳಿ ಮಾತ್ರ ಇಲ್ಲ. ಕಾರವಾರದ ರೇಖಾಂಶ 74ರ ಬದಲು 92ರ ಹತ್ತಿರ ಬರುತ್ತದೆ. ಬಣ್ಣ ಹೊಸದರಂತಿದೆ. ಇದು ನಕಲಿ ತಾನೆ?

ಮಾನ್ಯರೇ,

ಹುಬ್ಬಳ್ಳಿ ಇಲ್ಲವೆಂದು ಆ ನಕಾಶೆಯನ್ನು ತಳ್ಳಿಹಾಕಬೇಡಿ. ಆ ಕಾಲದ ಸಮುದ್ರ ನಕಾಶೆ ತಯಾರಾಗುತ್ತಿದ್ದುದು ಹಡಗಿನವರ ದಿನಚರಿಗಳಿಂದ. ಪ್ಯಾರಿಸಿನ ಝಾಕ್ ನಿಕೊಲಾ ಬೆಲ್ಯಾಂ (1703–1772) ಫ್ರೆಂಚ್ ನೌಕಾಪಡೆಯ ನಕಾಶೆ ಭಂಡಾರದಲ್ಲಿ ಕುಳಿತು ಇಂಥ ದಿನಚರಿಗಳನ್ನು ಜೋಡಿಸಿಯೇ ದೇಶದೇಶದ ಕರಾವಳಿ ಬರೆದ. ಹಡಗಿನವನಿಗೆ ಬೇಕಾದದ್ದು ಅಳಿವೆ, ಬಂಡೆ, ನೀರಿನ ಆಳ. ನಿಮ್ಮ ನಕಾಶೆಯಲ್ಲಿ ಸಮುದ್ರದ ಮೇಲೆ ಸಣ್ಣ ಅಂಕಿಗಳಿದ್ದರೆ ಅವು ಮಾರಿನ ಲೆಕ್ಕದ ಆಳವೇ. ಫ್ರೆಂಚರ ಒಂದು ಮಾರು ಸುಮಾರು 1.62 ಮೀಟರ್. ಹುಬ್ಬಳ್ಳಿ ವ್ಯಾಪಾರಿಗಳಿಗೆ ಗೊತ್ತಿರಲಿಲ್ಲ ಎಂದಲ್ಲ. ನಮ್ಮ ಕಡೆಯ ಬಟ್ಟೆ ಕಾರವಾರದಿಂದ ಹಡಗು ಹತ್ತುತ್ತಿತ್ತು, 1673ರಲ್ಲಿ ಮರಾಠರು ಹುಬ್ಬಳ್ಳಿ ಲೂಟಿ ಮಾಡಿದಾಗ ಇಂಗ್ಲಿಷ್ ಕಂಪನಿಯ ಸರಕೂ ಹೋಯಿತು. ಆದರೆ ಘಟ್ಟದ ಮೇಲಿನ ಊರನ್ನು ಅಳೆದು ನೋಡಿದವರು ಯಾರೂ ಇರಲಿಲ್ಲ. ಇಂಗ್ಲಿಷ್ ಸೇನಾಧಿಕಾರಿ ಲ್ಯಾಂಬ್ಟನ್ನರು ದೇಶ ಅಳೆಯಲು ಕೈಗೊಂಡ ತ್ರಿಕೋನ ಮಾಪನ ಮದ್ರಾಸಿನಲ್ಲಿ ಶುರುವಾದದ್ದೇ 1802ರಲ್ಲಿ. ಧಾರವಾಡ ಇಂಗ್ಲಿಷರ ಕೈಸೇರಿದ್ದು 1818ರ ಹೊತ್ತಿಗೆ.

ರೇಖಾಂಶದ ಲೆಕ್ಕ ಇನ್ನೂ ಸುಲಭ. ಫ್ರೆಂಚರು ಆಗ ಗ್ರೀನಿಚ್ ಬದಲು ಅಟ್ಲಾಂಟಿಕ್‌ನ ಫೆರೋ ದ್ವೀಪದಿಂದ ಎಣಿಸುತ್ತಿದ್ದುದು ಸಾಮಾನ್ಯ. ಫೆರೋ ರೇಖೆ ಗ್ರೀನಿಚ್‌ಗಿಂತ 17 ಡಿಗ್ರಿ 40 ಮಿನಿಟು ಪಶ್ಚಿಮಕ್ಕೆ. ಇಂದಿನ ಕಾರವಾರದ 74 ಡಿಗ್ರಿ 8 ಮಿನಿಟಿಗೆ ಅದನ್ನು ಕೂಡಿಸಿ: 91 ಡಿಗ್ರಿ 48 ಮಿನಿಟು. ನಿಮ್ಮ 92 ಬಂದದ್ದು ಅಲ್ಲಿಂದಲೇ. ಅಕ್ಷಾಂಶವನ್ನೂ ಅಳೆದು ನೋಡಿ. ಕಾರವಾರ 14 ಡಿಗ್ರಿ 48, ಹೊನ್ನಾವರ 14 ಡಿಗ್ರಿ 17. ಮಧ್ಯಾಹ್ನದ ಸೂರ್ಯನ ಎತ್ತರದಿಂದ ಅಕ್ಷಾಂಶ ಸಿಗುತ್ತಿದ್ದರಿಂದ ಅದು ಬಹುತೇಕ ಸರಿಯಿರುತ್ತದೆ. ಹಡಗಿನಲ್ಲಿ ನಂಬಬಹುದಾದ ಗಡಿಯಾರ ಇನ್ನೂ ಬಂದಿರಲಿಲ್ಲವಾಗಿ ಪೂರ್ವ-ಪಶ್ಚಿಮದ ಅಳತೆ ಜಾರುತ್ತಿತ್ತು.

ಆದರೆ ಒಳ್ಳೆಯ ನಕಲಿನಲ್ಲೂ ಇವೆಲ್ಲ ಹೀಗೇ ಇರುತ್ತವೆ. ಆದ್ದರಿಂದ ತೀರ್ಮಾನ ಕಾಗದದಿಂದಲೇ ಆಗಬೇಕು. ಫ್ರೇಮಿನಿಂದ ಹೊರಗೆ ತೆಗೆಸಿ; ಗಾಜಿನ ಮೇಲಿನಿಂದ ನೋಡಿ ಯಾರೂ ಹೇಳಲಾರರು. ಹಾಳೆಯನ್ನು ಬೆಳಕಿಗೆ ಹಿಡಿದರೆ ಕೈಕಾಗದದಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳು ಕಾಣುತ್ತವೆ, ಅವನ್ನು ಅಡ್ಡ ದಾಟುವ ದಪ್ಪ ಗೆರೆಗಳು ಸುಮಾರು ಎರಡೂವರೆ ಸೆಂಟಿಮೀಟರಿಗೊಂದು. ಈಗಿನ ಯಂತ್ರದ ಕಾಗದಕ್ಕೂ ಇಂಥ ಗೆರೆ ಒತ್ತುತ್ತಾರೆ. ಆದರೆ ಹಳೆಯದರಲ್ಲಿ ದಪ್ಪ ಗೆರೆಯ ಇಕ್ಕೆಲದಲ್ಲಿ ತಿಳಿನೆರಳು ಇರುತ್ತದೆ, ಕಾಗದ ಮಾಡುವ ಅಚ್ಚಿನ ಜಾಲರಿಯ ಕೆಳಗಿನ ಮರದ ಪಟ್ಟಿಯ ಬಳಿ ತಿರುಳು ಹೆಚ್ಚು ನಿಲ್ಲುತ್ತಿದ್ದುದರಿಂದ. ಯಂತ್ರದ ಕಾಗದದಲ್ಲಿ ಆ ನೆರಳಿಲ್ಲ.

ಆಮೇಲೆ ಹತ್ತುಪಟ್ಟಿನ ಭೂತಗನ್ನಡಿ. ತಾಮ್ರದ ತಗಡಿನ ಅಚ್ಚಿನಲ್ಲಿ ಗೆರೆ ತುದಿಗೆ ಸೂಜಿಯಂತೆ ಸಣ್ಣದಾಗುತ್ತದೆ, ಶಾಯಿ ಕಾಗದದ ಮೇಲೆ ತುಸು ಎದ್ದಿರುತ್ತದೆ. ಬಣ್ಣಬಣ್ಣದ ಚುಕ್ಕೆ ಕಂಡರೆ ಅದು ಈಚಿನ ಆಫ್‌ಸೆಟ್ ಯಂತ್ರದ ಮುದ್ರಣ, ಅಲ್ಲಿಗೆ ಮುಗಿಯಿತು. ಚಿತ್ರದಂಚಿನ ಹೊರಗೆ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗಬೇಕು. ಅಂಚು ಕತ್ತರಿಸಿದ್ದರೆ ಸಿಗದಿರಬಹುದು, ನಕಲಿಯಲ್ಲಿ ಬೇಕೆಂದೇ ಒತ್ತಿರಲೂಬಹುದು. ಅದೊಂದನ್ನೇ ನಂಬಬೇಡಿ. ಖೋಟಾ ನೋಟು ನೋಡುವ ನೇರಳೆ ದೀಪದಡಿ ಕಾಗದ ನೀಲಿಬಿಳುಪಾಗಿ ಹೊಳೆದರೆ ಅದು ಕಳೆದ ಶತಮಾನದ ನಡುಭಾಗದ ನಂತರದ್ದು. ಹೊಳೆಯದಿದ್ದ ಮಾತ್ರಕ್ಕೆ ಹಳೆಯದೆಂದು ತಿಳಿಯಬಾರದು. ಚಹಾದಲ್ಲಿ ಅದ್ದಿದ ಹಾಳೆ ಎಲ್ಲೆಡೆ ಒಂದೇ ಕಂದು. ವಯಸ್ಸಿನ ಕಂದು ಅಂಚಿಗೆ, ಮಡಿಕೆಗೆ ಹೆಚ್ಚು. ಮಡಿಕೆ ಇದ್ದರೆ ಸಂತೋಷಪಡಿ, ಇವು ಹೆಚ್ಚಾಗಿ ಪುಸ್ತಕದೊಳಗೆ ಮಡಚಿಟ್ಟ ಹಾಳೆಗಳು.

ಬಣ್ಣ ಹೊಸದಾಗಿರುವುದು ಸಾಮಾನ್ಯ. ಪುಸ್ತಕದ ಸಣ್ಣ ನಕಾಶೆಗಳು ಹೆಚ್ಚಾಗಿ ಕಪ್ಪುಬಿಳುಪಾಗಿಯೇ ಹೊರಟವು. ಗೋಡೆಗೆ ಚೆಂದ ಕಾಣಲೆಂದು ಮುಂದೆ ಬಣ್ಣ ಹಚ್ಚಿದರು. ಹಳೆಯ ಬಣ್ಣ ತಾಮ್ರದ ಹಸಿರಾಗಿದ್ದರೆ ಕಾಲಾಂತರದಲ್ಲಿ ಕಾಗದವನ್ನು ಸುಟ್ಟು ಹಿಂಬದಿಗೆ ಕಂದಾಗಿ ಇಳಿಯುತ್ತದೆ. ಹೊಸ ಬಣ್ಣವೆಂದರೆ ನಕಾಶೆ ಸುಳ್ಳಲ್ಲ, ಆದರೆ ಮೂಲ ಬಣ್ಣದ ಬೆಲೆ ಕೊಡಬೇಡಿ.

ಫ್ರೇಮ್ ಬಿಚ್ಚಲು ಒಪ್ಪದಿದ್ದರೆ ಖರೀದಿ ಬಿಟ್ಟುಬಿಡಿ. ಒಪ್ಪಿ ಎಲ್ಲ ಸರಿ ಕಂಡರೆ ರಸೀದಿಯಲ್ಲಿ "ಮೂಲ ತಾಮ್ರದಚ್ಚು, ಮರುಮುದ್ರಣವಲ್ಲ" ಎಂದು ಬರೆಸಿಕೊಳ್ಳಿ. ಮನೆಗೆ ತಂದಮೇಲೆ ಲ್ಯಾಮಿನೇಷನ್, ಸೆಲ್ಲೊಟೇಪ್, ಫೆವಿಕಾಲ್ ಮೂರೂ ಬೇಡ. ಹಚ್ಚಿದ್ದು ಕಾಗದ ಕೀಳದೆ ಬರುವುದಿಲ್ಲ. ಆಮ್ಲರಹಿತ ಮೌಂಟ್ ಬೋರ್ಡು ಕೇಳಿ ಹಾಕಿಸಿ, ಗಾಜು ನಕಾಶೆಗೆ ತಾಗದಂತೆ ನಡುವೆ ಜಾಗ ಬಿಡಿಸಿ. ಬಿಸಿಲು ಬೀಳದ, ಒಳಮನೆಯ ಗೋಡೆಗೆ ತೂಗುಹಾಕಿ. ಮಳೆಗಾಲದಲ್ಲಿ ಹೊರಗೋಡೆ ತೇವವೇರಿದರೆ ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತವೆ, ಹಿಂದೆ ಸಿಲ್ವರ್‌ಫಿಶ್ ಹುಳ ಸೇರುತ್ತದೆ. ಮಳೆ ನಿಂತಮೇಲೆ ಇಳಿಸಿ ಹಿಂಬದಿ ಒಮ್ಮೆ ನೋಡಿ.

— ಸಂ.