ಸಿಟ್ಟು ತಡೆಯಲಾಗದ ಮಗು ಶಾಲೆಯಲ್ಲಿ ಒಂಟಿಯಾಗುವುದೇಕೆ?
ನಾಲ್ಕನೇ ತರಗತಿಯ ಮಗನನ್ನು ಯಾರೂ ಆಟಕ್ಕೆ ಸೇರಿಸುವುದಿಲ್ಲ, ಅವನ ದುಡುಕೇ ಕಾರಣವೇ ಎಂದು ಯಾದಗಿರಿಯ ಪೋಷಕರೊಬ್ಬರು ಕೇಳಿದ್ದಾರೆ.

ಬಹುಮಟ್ಟಿಗೆ ಹೌದು. ಲಗೋರಿಯಲ್ಲಿ ಔಟಾದೊಡನೆ ಚೆಂಡು ಕಿತ್ತುಕೊಂಡು ಓಡುವ, ಬಿಸಿಯೂಟದ ಸಾಲಿನಲ್ಲಿ ನುಗ್ಗುವ ಹುಡುಗನನ್ನು ಜೊತೆಯವರು ಮೊದಲು ಬೈಯುತ್ತಾರೆ, ಆಮೇಲೆ ಕರೆಯುವುದನ್ನೇ ಬಿಡುತ್ತಾರೆ. ಹೊರಗುಳಿದವನಿಗೆ ಸರದಿ ಕಾಯುವ, ಸೋಲು ನುಂಗಿಕೊಳ್ಳುವ ರೂಢಿಗೆ ಅವಕಾಶವೇ ಸಿಗದೆ ಸಿಟ್ಟು ಇನ್ನಷ್ಟು ಬಲಿಯುತ್ತದೆ.

ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು 1,000 ಮಕ್ಕಳ ಅಧ್ಯಯನದಲ್ಲಿ, ಬೆಳೆಯುತ್ತ ಸ್ವನಿಯಂತ್ರಣ, ಅಂದರೆ ಸಿಟ್ಟು-ದುಡುಕನ್ನು ತಡೆದುಕೊಳ್ಳುವ ಶಕ್ತಿ, ಸುಧಾರಿಸಿಕೊಂಡವರ ಬದುಕು 32ನೇ ವಯಸ್ಸಿಗೆ ನಿರೀಕ್ಷೆಗಿಂತ ಹಸನಾಗಿತ್ತು. ಈ ಶಕ್ತಿ ರೂಢಿಯಿಂದ ಬರಬೇಕಾದ್ದರಿಂದ ಗದರಿಸುವುದಕ್ಕಿಂತ, ಸಂಜೆ ಓಣಿಯ ಯಾರಾದರೂ ಒಬ್ಬ ಹುಡುಗನನ್ನು ಮಾತ್ರ ಮನೆಗೆ ಕರೆದು ಇಬ್ಬರಿಗೂ ಕೇರಂ ಹಾಕಿಕೊಡುವುದು ಮೇಲು. ಒಬ್ಬ ಆಪ್ತ ಗೆಳೆಯನಿದ್ದರೂ ಒಂಟಿತನ ಎಷ್ಟೋ ತಗ್ಗುತ್ತದೆ.