ಬೆಳೆದ ಮೆದುಳಿನಲ್ಲಿ ರೀಲಿನ್‌ಗೆ ಏನು ಕೆಲಸ?

ಕೆಲಸ ಇದೆ, ಆದರೆ ಬೇರೆಯದು. ಭ್ರೂಣದಲ್ಲಿ ರೀಲಿನ್ ಎಂಬ ಪ್ರೋಟೀನ್ ಹೊಸ ನರಕೋಶಗಳು ಸರಿಯಾದ ಪದರ ಸೇರುವಂತೆ ನೋಡಿಕೊಳ್ಳುತ್ತದೆ. ದೊಡ್ಡವರ ಮೆದುಳಿನಲ್ಲಿ ಅದು ನರಕೋಶಗಳ ನಡುವಿನ ಕೊಂಡಿಗಳನ್ನು, ಅಂದರೆ ಸಿನಾಪ್ಸ್‌ಗಳನ್ನು, ಗಟ್ಟಿ ಮಾಡಲು ನೆರವಾಗುತ್ತದೆ. ಕಲಿಕೆಗೂ ನೆನಪಿಗೂ ಬೇಕಾದದ್ದು ಅದೇ ಅಲ್ವಾ?

ಮಜಾ ಅಂದರೆ, ಸಂಕೇತ ಸಾಗುವ ದಾರಿಯ ಮೊದಲ ಹೆಜ್ಜೆಗಳು ಎರಡೂ ಕಾಲದಲ್ಲಿ ಒಂದೇ. ರೀಲಿನ್ ಕೋಶದ ಹೊರಮೈಯ ಗ್ರಾಹಕಕ್ಕೆ, ಅಂದರೆ ಸಂಕೇತ ಹಿಡಿಯುವ ಪ್ರೋಟೀನ್‌ಗೆ, ಅಂಟಿಕೊಳ್ಳುತ್ತದೆ, ಒಳಗೆ ಡ್ಯಾಬ್1 ಎಂಬ ಪ್ರೋಟೀನ್ ಚುರುಕಾಗುತ್ತದೆ. ಎಳೆಯ ಕೋಶದಲ್ಲಿ ಇದರಿಂದ ಓಡಾಟ ಹತೋಟಿಗೆ ಬರುತ್ತದೆ. ಬೆಳೆದ ಕೋಶ ಎಲ್ಲೂ ಹೋಗುವುದಿಲ್ಲವಲ್ಲ! ಅಲ್ಲಿ ಇದೇ ಸಂಕೇತ ಎನ್‌ಎಂಡಿಎ ಗ್ರಾಹಕ ಎಂಬ ಬಾಗಿಲಿನಿಂದ ಕ್ಯಾಲ್ಸಿಯಂ ಜಾಸ್ತಿ ಒಳಬರುವಂತೆ ಮಾಡುತ್ತದೆ. ಆ ಕ್ಯಾಲ್ಸಿಯಂನಿಂದಲೇ ಕೊಂಡಿ ಬಲವಾಗುವುದು.

ರೀಲಿನ್ ಸುರಿಸುವ ಕೋಶಗಳೂ ಬದಲಾಗುತ್ತವೆ. ಮೊದಲು ಆ ಕೆಲಸ ಮಾಡುತ್ತಿದ್ದ ಕೋಶಗಳಲ್ಲಿ ಬಹುಪಾಲು ಹುಟ್ಟಿದ ಮೇಲೆ ಸಾಯುತ್ತವೆ. ಆಮೇಲೆ ಮುಖ್ಯವಾಗಿ ಪಕ್ಕದ ಕೋಶಗಳನ್ನು ಶಾಂತಗೊಳಿಸುವ ನರಕೋಶಗಳು ಅದನ್ನು ಬಿಡುತ್ತವೆ.

ರೀಲಿನ್ ಎಂಬ ಹೆಸರು ಬಂದದ್ದು 1951ರಲ್ಲಿ ವರದಿಯಾದ, ತೂರಾಡುತ್ತಾ ನಡೆಯುವ ‘ರೀಲರ್’ ಇಲಿಗಳ ತಳಿಯಿಂದ (ಇಂಗ್ಲಿಷ್‌ನಲ್ಲಿ ‘ರೀಲ್’ ಅಂದರೆ ತೂರಾಡು). ಅದಕ್ಕೆ ಕಾರಣವಾದ ಜೀನ್ ಸಿಕ್ಕಿದ್ದು 1995ರಲ್ಲಿ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದ ತೆಳು ಚೂರುಗಳಿಗೆ ರೀಲಿನ್ ಹಾಕಿ ನೋಡಿದಾಗ, ಅಲ್ಲಿನ ಕೊಂಡಿಗಳು ಮಾಮೂಲಿಗಿಂತ ಹೆಚ್ಚು ಬಲಗೊಂಡವು.