ಒಬ್ಬರೇ ನುಡಿಸಲಾಗದ ವಾದ್ಯದಿಂದ ಶುರು ಮಾಡಿ

ಪ್ರಶ್ನೆ: ನಾನು ಐದನೇ ತರಗತಿಯ ಟೀಚರ್. ಮಕ್ಕಳ ಕೈಯಲ್ಲೇ ವಾದ್ಯ ಮಾಡಿಸಿ, ಬೇರೆ ಬೇರೆ ದೇಶಗಳ ಜನಜೀವನ ಪರಿಚಯಿಸಬೇಕು ಅಂತ ಆಸೆ. ವಾರಕ್ಕೊಂದು ದೇಶ ಅಂದುಕೊಂಡಿದ್ದೇನೆ. ಆದರೆ ಡಬ್ಬಿಗೆ ಕಾಳು ತುಂಬಿ, ಬಣ್ಣ ಬಳಿದು, ಗಲಾಟೆ ಮಾಡಿ ಮುಗಿಸಿಬಿಡುತ್ತಾರೇನೋ ಅನ್ನುವ ಅಳುಕು. ಏನು ಮಾಡಲಿ?

ಉತ್ತರ: ನಿಮ್ಮ ಅಳುಕು ಸರಿಯಾಗೇ ಇದೆ. ವಾರಕ್ಕೊಂದು ದೇಶ ಬೇಡ. ಒಂದೇ ವಾದ್ಯ ಹಿಡಿದು ಮೂರ್ನಾಲ್ಕು ವಾರ ಕೂರಿ. ಆ ವಾದ್ಯವನ್ನು ಅಲ್ಲಿನ ಜನ ಹೇಗೆ ನುಡಿಸುತ್ತಾರೋ ಹಾಗೇ ಮಕ್ಕಳೂ ನುಡಿಸಲಿ. ಪಾಠ ಇರುವುದೇ ಅದರಲ್ಲಿ.

ನಾನಾದರೆ ಸಿಕು ಆರಿಸುತ್ತೇನೆ. ಪೆರು ಮತ್ತು ಬೊಲಿವಿಯಾ ನಡುವಿನ ಟಿಟಿಕಾಕಾ ಸರೋವರದ ಸುತ್ತ ಬದುಕುವ ಐಮಾರಾ ಜನರ ಊದುವ ವಾದ್ಯ ಇದು, ಒಂದೊಂದು ಸ್ವರಕ್ಕೂ ಒಂದೊಂದು ಕೊಳವೆ. ಮಾಡುವುದು ಸುಲಭ. ಸಣ್ಣ ಪ್ಲಾಸ್ಟಿಕ್ ಪೈಪು ಅಥವಾ ಅಗಲ ಬಾಯಿಯ ಸ್ಟ್ರಾ ಸಾಕು. ಕೆಳಗಿನ ತುದಿಯನ್ನು ಜೇಡಿಮಣ್ಣಿನಿಂದ ಮುಚ್ಚಿ. ಪೈಪಾದರೆ ಮೇಲಿನ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ತುಟಿಗೆ ತಾಗುತ್ತದಲ್ವಾ. ಒಳಗಿನ ಉದ್ದ ಹೀಗಿರಲಿ: ಸ 18 ಸೆಂ.ಮೀ., ರಿ 16, ಗ 14.4, ಮ 13.5, ಪ 12, ದ 10.8, ನಿ 9.6, ಮೇಲಿನ ಸ 9. ಕತ್ತರಿಸುವಾಗ ಮಣ್ಣಿಗೆ ಅಂತ ಒಂದೆರಡು ಸೆಂ.ಮೀ. ಜಾಸ್ತಿ ಬಿಡಿ. ಶ್ರುತಿ ತಗ್ಗಿದೆ ಅನ್ನಿಸಿದರೆ ಮಣ್ಣನ್ನು ಕಡ್ಡಿಯಿಂದ ಒಳಕ್ಕೆ ತಳ್ಳಿ, ಸ್ವರ ಏರುತ್ತದೆ. ಉದ್ದ ಅರ್ಧವಾದರೆ ಸ್ವರ ಮೇಲಿನ ಸ್ಥಾಯಿಗೆ ಹೋಗುವುದನ್ನು ಮಕ್ಕಳೇ ಕಂಡುಕೊಳ್ಳಲಿ.

ಈಗ ಮುಖ್ಯ ವಿಷಯ. ಎಂಟೂ ಕೊಳವೆಗಳನ್ನು ಒಂದೇ ಮಗುವಿಗೆ ಕೊಡಬೇಡಿ. ಸ, ಗ, ಪ, ನಿ ಒಂದು ಮಗುವಿಗೆ. ರಿ, ಮ, ದ, ಮೇಲಿನ ಸ ಪಕ್ಕದ ಮಗುವಿಗೆ. ಸಿಕು ಕೂಡ ಹೀಗೇ ಎರಡು ಭಾಗ. ಇರಾ ಮತ್ತು ಅರ್ಕಾ ಅಂತ ಅವುಗಳ ಹೆಸರು. ಸ್ವರಗಳು ಒಂದು ಬಿಟ್ಟು ಒಂದು ಹಂಚಿಹೋಗಿರುತ್ತವೆ. ಒಬ್ಬರು ಊದುವಾಗ ಇನ್ನೊಬ್ಬರು ಉಸಿರು ತೆಗೆದುಕೊಳ್ಳುತ್ತಾರೆ.

ಮಕ್ಕಳಿಗೆ ಗೊತ್ತಿರುವ ಸಣ್ಣ ರಾಗ ಕೊಟ್ಟು ಸುಮ್ನೆ ನೋಡುತ್ತಿರಿ. ಮೊದಲು ಇಬ್ಬರೂ ತಮ್ಮ ತಮ್ಮ ಕೊಳವೆ ನೋಡಿಕೊಂಡು ಊದುತ್ತಾರೆ, ರಾಗ ಮುರಿಯುತ್ತದೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲು ಶುರು ಮಾಡುತ್ತಾರೆ. ಆಗ ಕೇಳಿ: ಒಬ್ಬರೇ ನುಡಿಸಲಾಗದ ವಾದ್ಯವನ್ನು ಜನ ಯಾಕೆ ಮಾಡಿಕೊಂಡಿರಬಹುದು? ಉತ್ತರ ನೀವೇ ಹೇಳಿಬಿಡಬೇಡಿ. ಮಕ್ಕಳು ಮಾತಾಡಿ ಮುಗಿಸಿದ ಮೇಲೆ, ಹಬ್ಬಗಳಲ್ಲಿ ದೊಡ್ಡ ಗುಂಪು ಕಟ್ಟಿಕೊಂಡು ಡೋಲಿನ ಜೊತೆ ಸಿಕು ನುಡಿಸುವ ವಿಡಿಯೊ ತೋರಿಸಿ. ಎಷ್ಟು ಗಮನವಿಟ್ಟು ನೋಡುತ್ತಾರೆ ನೋಡಿ!

ಒಂದು ಎಚ್ಚರಿಕೆ. ಕೊಳವೆ ಎಂಜಲಾಗುತ್ತದೆ, ಪ್ರತಿ ಮಗುವಿಗೂ ತನ್ನದೇ ಇರಲಿ.

ಎರಡನೇ ವಾದ್ಯ ಬೇಕೆಂದರೆ ಜಿಂಬಾಬ್ವೆಯ ಶೋನಾ ಜನರ ಎಂಬಿರಾ ಒಳ್ಳೆಯದು. ಹಲಗೆಗೆ ಲೋಹದ ಪಟ್ಟಿ ಬಿಗಿದು ಹೆಬ್ಬೆರಳು, ತೋರುಬೆರಳಿನಿಂದ ನುಡಿಸುತ್ತಾರೆ. ಬಾಟಲಿ ಮುಚ್ಚಳ ಸೇರಿಸಿ ಬೇಕೆಂದೇ ಝುಂಯ್ ಅನ್ನುವ ಸದ್ದು ಬರಿಸುತ್ತಾರೆ. ಐಸ್‌ಕ್ರೀಂ ಕಡ್ಡಿಯಲ್ಲಿ ಮಾಡಿಸಿ, ಮುಚ್ಚಳ ಇಟ್ಟೂ ಇಡದೆಯೂ ಕೇಳಿಸಿ. ಆದರೆ ಶೋನಾ ಜನರಿಗೆ ಇದು ಪೂರ್ವಿಕರನ್ನು ಕರೆಯುವ ವಾದ್ಯವೂ ಹೌದು. ಅದನ್ನು ಗೌರವದಿಂದ ಹೇಳಿ, ಆ ಆಚರಣೆಯ ನಾಟಕ ಮಾತ್ರ ಆಡಿಸಬೇಡಿ. ಹಾಗೇ ‘ಆಫ್ರಿಕಾದ ವಾದ್ಯ’ ಅನ್ನಬೇಡಿ, ಆ ಖಂಡದಲ್ಲಿ 50ಕ್ಕೂ ಹೆಚ್ಚು ದೇಶಗಳಿವೆ. ಜನರ ಹೆಸರು, ಜಾಗದ ಹೆಸರು ಹೇಳಿ, ನಕಾಶೆಯಲ್ಲಿ ಬೆರಳಿಟ್ಟು ತೋರಿಸಿ.

ಅಲಂಕಾರಕ್ಕೆ ಅಂಕ ಕೊಡಬೇಡಿ. ಕೊನೆಯ ವಾರ ಜೋಡಿಗಳೇ ಒಂದು ಹೊಸ ರಾಗ ಕಟ್ಟಲಿ, ಯಾರು ಯಾವಾಗ ಊದಬೇಕು ಅನ್ನುವುದನ್ನು ಎರಡು ಬಣ್ಣದಲ್ಲಿ ಬರೆದು ಪಕ್ಕದ ಜೋಡಿಗೆ ನುಡಿಸಲು ಕೊಡಲಿ.